ಹೆಸರು ಎಲ್ಲಿ ಮರೆಸಬೇಕು, ಎಲ್ಲಿ ಕೇಳಬೇಕು: ಆನ್‌ಲೈನ್ ಗುಂಪಿನಲ್ಲಿ ತೀರ್ಮಾನ ಮಾಡುವ ಕ್ರಮ

"ಮನೆಮನೆಗೂ ನೀರಿನ ಮೀಟರ್ ಹಾಕಿಸೋಣವೇ?" ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿ ಕೇಳುತ್ತಾರೆ. ಎರಡೇ ನಿಮಿಷದಲ್ಲಿ ಅಧ್ಯಕ್ಷರ ಉತ್ತರ: "ಖಂಡಿತ, ಎಂದೋ ಆಗಬೇಕಿತ್ತು." ಅದರ ಕೆಳಗೆ ಹೆಬ್ಬೆರಳುಗಳ ಸಾಲು. 64 ಮನೆಗಳ ಪೈಕಿ ಬಾಯಿ ಬಿಟ್ಟವರು ಒಂಬತ್ತು ಮನೆಯವರು. ಮಿಕ್ಕವರು ಓದಿ, ಯಾಕೆ ಸುಮ್ಮನೆ ನಿಷ್ಠುರ ಎಂದು ಫೋನ್ ಬದಿಗಿಟ್ಟರು. ಆ ಮೌನವನ್ನು ಒಪ್ಪಿಗೆ ಎಂದುಕೊಂಡು ಕೊಟೇಷನ್ ತರಿಸಿದರೆ ಜನರಲ್ ಬಾಡಿಯಲ್ಲಿ ಗಲಾಟೆ. "ಹೆಸರಿಲ್ಲದ ಪೋಲ್ ಮಾಡಿ" ಎಂದು ಯಾರೋ ಸಲಹೆ ಕೊಡುತ್ತಾರೆ. ಅದನ್ನೂ ಅವಸರದಲ್ಲಿ ಮಾಡಿದರೆ ಬೇರೆ ಥರದ ಗಲಾಟೆ: ಒಂದೇ ಮನೆಯಿಂದ ಮೂರು ವೋಟು, ಕಾಮೆಂಟಿನಲ್ಲಿ ಕಮಿಷನ್ ಆರೋಪ, ಬರೆದವರು ಯಾರೆಂದು ಪತ್ತೇದಾರಿಕೆ.

ಒಂದೇ ತೀರ್ಮಾನದೊಳಗೆ ಹೆಸರು ಬೇಡವಾದ ಘಟ್ಟಗಳೂ ಇವೆ, ಹೆಸರಿಲ್ಲದೆ ನಡೆಯಲೇಬಾರದ ಘಟ್ಟಗಳೂ ಇವೆ. ಅವನ್ನು ಬೇರೆ ಮಾಡುವುದು ಹೇಗೆ ಎಂಬುದಕ್ಕೆ ಈ ನೀರಿನ ಮೀಟರಿನ ಪ್ರಶ್ನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸಹಕಾರ ಸಂಘ, ಹಳೆ ವಿದ್ಯಾರ್ಥಿಗಳ ಬಳಗ, ಆಫೀಸಿನ ತಂಡ ಯಾವುದಕ್ಕಾದರೂ ಇದೇ ಕ್ರಮ ಹೊಂದುತ್ತದೆ.

ಹೆಸರು ಹೋದರೆ ಯಾವ ಒತ್ತಡ ಹೋಗುತ್ತದೆ, ಯಾವುದು ಉಳಿಯುತ್ತದೆ

ಗುಂಪಿನ ಮಾತಿಗೆ ನಾವು ತಲೆಬಾಗುವುದಕ್ಕೆ ಎರಡು ಕಾರಣ. ಒಂದು, ಎದುರು ಮಾತಾಡಿದರೆ ಇವರೆಲ್ಲ ಏನಂದುಕೊಂಡಾರು ಎಂಬ ಅಳುಕು. ಇನ್ನೊಂದು, ಇಷ್ಟು ಜನ ಹೇಳುತ್ತಿದ್ದಾರೆಂದರೆ ನಿಜವೇ ಇರಬೇಕು ಎಂಬ ಎಣಿಕೆ. 1950ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದರು. ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಪ್ರಯೋಗಕ್ಕೆ ಬಂದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆ ತಪ್ಪಿನ ಕಡೆಗೇ ವಾಲಿತು. ಕಣ್ಣಿಗೆ ಕಾಣುವ ಗೆರೆಯ ವಿಷಯದಲ್ಲಿ! ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಬಿಟ್ಟಾಗ ಈ ವಾಲುವಿಕೆ ಬಹಳ ಕಡಿಮೆಯಾಯಿತು. 1955ರಲ್ಲಿ ಡಾಯ್ಚ್ ಮತ್ತು ಜೆರಾರ್ಡ್ ಎಂಬ ಮನೋವಿಜ್ಞಾನಿಗಳು ಜನರನ್ನು ಬೇರೆ ಬೇರೆ ಗೂಡಿನಲ್ಲಿ ಕೂರಿಸಿ ಯಾರ ಉತ್ತರ ಯಾರದೆಂದು ತಿಳಿಯದಂತೆ ಮಾಡಿ ನೋಡಿದರು. ತಪ್ಪು ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ.

ಹೋಗದೆ ಉಳಿದದ್ದು ಆ ಎರಡನೆಯ ಒತ್ತಡ. ಹೆಸರು ಮರೆಸಿದರೆ ಅಳುಕು ಕಡಿಮೆಯಾಗುತ್ತದೆ. "ಇಷ್ಟು ಜನ ಹೇಳುತ್ತಿದ್ದಾರಲ್ಲ" ಎಂಬುದಕ್ಕೆ ಏನೂ ಆಗುವುದಿಲ್ಲ. ಹೆಸರಿಲ್ಲದ ಪೋಲ್ ಮಾಡಿ, ಅದರಲ್ಲೇ "ಹೌದು 71%" ಎಂದು ಓಡುವ ಅಂಕಿ ತೋರಿಸುವವರು ಮರೆಯುವುದು ಇದನ್ನೇ. 2006ರಲ್ಲಿ ಪ್ರಕಟವಾದ ಸಾಲ್ಗನಿಕ್, ಡಾಡ್ಸ್, ವಾಟ್ಸ್ ಅವರ ಪ್ರಯೋಗದಲ್ಲಿ 14,000ಕ್ಕೂ ಹೆಚ್ಚು ಜನ 48 ಅಪರಿಚಿತ ಹಾಡುಗಳಲ್ಲಿ ಆರಿಸಿಕೊಂಡರು. ಯಾರಿಗೂ ಯಾರ ಗುರುತೂ ಇರಲಿಲ್ಲ, ಕೆಲವು ಗುಂಪುಗಳಿಗೆ ಡೌನ್‌ಲೋಡ್ ಸಂಖ್ಯೆ ಮಾತ್ರ ಕಾಣುತ್ತಿತ್ತು. ಅಷ್ಟಕ್ಕೇ ಗೆದ್ದ ಹಾಡು ಇನ್ನಷ್ಟು ಗೆದ್ದಿತು, ಸೋತದ್ದು ಇನ್ನಷ್ಟು ಸೋತಿತು. 2013ರ ಇನ್ನೊಂದು ಅಧ್ಯಯನದಲ್ಲಿ, ಸುದ್ದಿ ತಾಣವೊಂದರ ಕಾಮೆಂಟುಗಳಿಗೆ ಶುರುವಿನಲ್ಲೇ ಒಂದು ಸುಳ್ಳು ಮೆಚ್ಚುಗೆ ಒತ್ತಿದ್ದಕ್ಕೆ ಕೊನೆಯ ಅಂಕ ಸರಾಸರಿ 25% ಏರಿತು.

ಮೂರನೆಯದೊಂದಿದೆ, ಅದು ಹೆಸರು ಮರೆಸಿದಾಗಲೇ ಬಲವಾಗುತ್ತದೆ. ವ್ಯಕ್ತಿಯ ಗುರುತು ಅಳಿಸಿ ಪಂಗಡದ ಗುರುತು ಮಾತ್ರ ಉಳಿಸಿದರೆ ಜನ ಪಂಗಡದ ಕಡೆಗೆ ಇನ್ನೂ ಗಟ್ಟಿಯಾಗಿ ವಾಲುತ್ತಾರೆ. ರಸೆಲ್ ಸ್ಪಿಯರ್ಸ್, ಮಾರ್ಟಿನ್ ಲೀ ಮೊದಲಾದವರು 1990ರಲ್ಲಿ ಕಂಪ್ಯೂಟರ್ ಮೂಲಕ ಚರ್ಚಿಸುವ ಗುಂಪುಗಳಲ್ಲಿ ಇದನ್ನು ಕಂಡರು. "302ರ ಆಂಟಿ ಹೇಳಿದ್ದು" ಎಂದರೆ ಅವರ ಮಾತನ್ನು ತೂಗಿ ನೋಡುತ್ತೇವೆ. "ಬಿ ಬ್ಲಾಕಿನವರೊಬ್ಬರು ಹೇಳಿದ್ದು" ಎಂದರೆ ಮಾತು ಹೋಗಿ ಬ್ಲಾಕ್ ನಿಲ್ಲುತ್ತದೆ. ಓನರ್–ಬಾಡಿಗೆಯವರು, ಹಳಬರು–ಹೊಸಬರು ಎಂಬ ಬಿರುಕು ಮೊದಲೇ ಇದ್ದ ಕಡೆ ಇದು ಎದ್ದು ಕಾಣುತ್ತದೆ.

ಹಂತ 1: ಪ್ರಶ್ನೆಯನ್ನು ಮೂರಾಗಿ ಒಡೆಯಿರಿ

"ಮೀಟರ್ ಬೇಕೇ?" ಎಂಬುದರೊಳಗೆ ಮೂರು ಬೇರೆ ಪ್ರಶ್ನೆಗಳಿವೆ.

ವಾಸ್ತವದ ಪ್ರಶ್ನೆ: ಒಂದು ಮನೆಗೆ ಎಷ್ಟು ಮೀಟರ್ ಬೇಕು, ಬೆಲೆ ಎಷ್ಟು, ಬೋರ್‌ವೆಲ್ ನೀರಿನ ಗಡಸಿಗೆ ಅದು ಎಷ್ಟು ಕಾಲ ಬಾಳುತ್ತದೆ. ಇದಕ್ಕೆ ಉತ್ತರಿಸುವವರ ಹೆಸರು, ಅವರಿಗೆ ಹೇಗೆ ಗೊತ್ತು, ಅವರಿಗೆ ಲಾಭವೇನಾದರೂ ಇದೆಯೇ, ಮೂರೂ ಸಮಿತಿಗೆ ಗೊತ್ತಿರಬೇಕು. ಮೀಟರ್ ಏಜೆನ್ಸಿಯವರ ಭಾವಮೈದ ಹೆಸರಿಲ್ಲದೆ "ಈ ಕಂಪನಿಯದು ಚೆನ್ನಾಗಿದೆ" ಎಂದು ಬರೆಯಲು ಬಿಡಬೇಡಿ.

ಇಷ್ಟದ ಪ್ರಶ್ನೆ: ಬಳಸಿದಷ್ಟಕ್ಕೆ ಹಣ ಕೊಡುವುದು ನ್ಯಾಯವೋ, ಈಗಿನಂತೆ ಚದರಡಿ ಲೆಕ್ಕವೋ. ಇಲ್ಲಿ ಹೆಸರು ಬೇಡ. ಆರು ಜನರ ಕುಟುಂಬ ಎದುರು ಮನೆಯ ಒಂಟಿ ಅಜ್ಜನ ಮುಂದೆ "ಮೀಟರ್ ಬೇಡ" ಅನ್ನಲು ಸಂಕೋಚ ಪಡುವುದು ಸಹಜ.

ಹೊಣೆಯ ಪ್ರಶ್ನೆ: ಯಾರು ಹಣ ಕಟ್ಟುತ್ತಾರೆ, ಯಾರು ಪ್ಲಂಬರ್ ಜೊತೆ ನಿಲ್ಲುತ್ತಾರೆ. ಹೆಸರಿಲ್ಲದೆ ಕೊಟ್ಟ ಮಾತಿಗೆ ಬೆಲೆಯಿಲ್ಲ, ಆದ್ದರಿಂದ ಇದು ಕೊನೆಗೆ, ಹೆಸರಿನೊಂದಿಗೇ.

ಮೂರನ್ನೂ ಒಂದೇ ಫಾರ್ಮಿನಲ್ಲಿ ತುರುಕಿದರೆ ಮೂರೂ ಕೆಡುತ್ತವೆ.

ಹಂತ 2: ವೋಟಿಗೆ ಮುಂಚೆ ಮಾಹಿತಿ

1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಎಂಬ ಸಂಶೋಧಕರು ತೋರಿಸಿದಂತೆ, ಗುಂಪುಗಳು ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆ ಮತ್ತೆ ಮಾತಾಡುತ್ತವೆ. ಒಬ್ಬಿಬ್ಬರಿಗೆ ಮಾತ್ರ ಗೊತ್ತಿರುವ ವಿಷಯ ಹೊರಗೇ ಬರುವುದಿಲ್ಲ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ಒಂದು ಮನೆಗೆ ಒಂದೇ ಪೈಪ್ ಇಳಿಯುವುದಿಲ್ಲ. ಅಡುಗೆಮನೆ, ಯುಟಿಲಿಟಿ, ಒಂದೊಂದು ಬಚ್ಚಲು, ಎಲ್ಲಕ್ಕೂ ಬೇರೆ ಬೇರೆ ಡಕ್ಟಿನಲ್ಲಿ ಬೇರೆ ಬೇರೆ ಲೈನ್. ಹಾಗಿದ್ದರೆ "ಮನೆಗೊಂದು ಮೀಟರ್" ಎಂಬ ಮಾತೇ ತಪ್ಪು, ಮನೆಗೆ ಮೂರೋ ನಾಲ್ಕೋ ಬೇಕಾದೀತು, ಖರ್ಚೂ ಅಷ್ಟು ಪಟ್ಟು. ಇದು ಗೊತ್ತಿರುವುದು ಬಚ್ಚಲು ಒಡೆಸಿ ಕಟ್ಟಿಸಿಕೊಂಡ ಒಬ್ಬಿಬ್ಬರಿಗೆ. ಅವರು ಗುಂಪಿನಲ್ಲಿ ಮಾತಾಡದವರಾಗಿದ್ದರೆ ಮುಗಿಯಿತು.

ಆದ್ದರಿಂದ ಮೂರು ದಿನ ಒಂದೇ ಪ್ರಶ್ನೆ ಕೇಳಿ: "ಈ ವಿಷಯದಲ್ಲಿ ಬೇರೆಯವರಿಗೆ ಗೊತ್ತಿರಲಾರದ, ನಿಮಗೆ ಗೊತ್ತಿರುವ ಒಂದು ಸಂಗತಿ ಬರೆಯಿರಿ." ಅಭಿಪ್ರಾಯ ಕೇಳಬೇಡಿ. ಇದನ್ನು ಸಮಿತಿಯವರಿಗೆ ಖಾಸಗಿಯಾಗಿ ಹೆಸರು ಸಹಿತ ಕಳಿಸಲಿ, ಪರಿಶೀಲಿಸಿದ ಮೇಲೆ ಗುಂಪಿಗೆ ಹೆಸರಿಲ್ಲದೆ ಹಾಕಿ. ಬಂದದ್ದನ್ನೆಲ್ಲ ಒಂದು ಪುಟಕ್ಕೆ ಇಳಿಸಿ: ಲೈನ್‌ಗಳ ಎಣಿಕೆ, ಎರಡು ಕೊಟೇಷನ್, ಕಳೆದ 12 ತಿಂಗಳ ಟ್ಯಾಂಕರ್ ಬಿಲ್, ಕಾವೇರಿ ನೀರಿನ ಬಿಲ್. ಎರಡನೆಯ ಪುಟಕ್ಕೆ ಹೋದರೆ ಯಾರೂ ಓದುವುದಿಲ್ಲ.

ಹಂತ 3: ಸಾಧನ ಮತ್ತು ಚೀಟಿ

ವಾಟ್ಸಾಪಿನ ಮಾಮೂಲಿ ಪೋಲ್ ಈ ಕೆಲಸಕ್ಕೆ ಆಗದು. "ವ್ಯೂ ವೋಟ್ಸ್" ಒತ್ತಿದರೆ ಯಾರು ಯಾವುದಕ್ಕೆ ಒತ್ತಿದ್ದಾರೆಂದು ಇಡೀ ಗುಂಪಿಗೆ ಕಾಣುತ್ತದೆ. ಟೆಲಿಗ್ರಾಮ್ ಪೋಲ್‌ನಲ್ಲಿ ಹೆಸರು ಮರೆಸಬಹುದು, ಆದರೆ ವೋಟು ಹಾಕಿದವರಿಗೆ ಓಡುವ ಅಂಕಿ ಕಾಣುತ್ತದೆ. ಗೂಗಲ್ ಫಾರ್ಮ್‌ನಲ್ಲಿ ಎರಡನ್ನೂ ಮುಚ್ಚಬಹುದು: ಇಮೇಲ್ ವಿಳಾಸ ಸಂಗ್ರಹ ಆಫ್, ಫಲಿತಾಂಶದ ಸಾರಾಂಶ ತೋರಿಸುವುದು ಆಫ್. "ಒಬ್ಬರಿಗೆ ಒಂದೇ ಉತ್ತರ" ಎಂಬುದನ್ನು ಆನ್ ಮಾಡಿದರೆ ಗೂಗಲ್ ಲಾಗಿನ್ ಕೇಳುತ್ತದೆ. ಆ ವಿಳಾಸ ಫಾರ್ಮ್ ಮಾಡಿದವರಿಗೆ ಕಾಣದು, ಆದರೂ ಲಾಗಿನ್ ಪುಟ ಕಂಡ ಕೂಡಲೇ ಅರ್ಧ ಜನಕ್ಕೆ ನಂಬಿಕೆ ಹೋಗುತ್ತದೆ. ಅಲ್ಲದೆ ಒಂದು ಮನೆಯಲ್ಲಿ ನಾಲ್ಕು ಖಾತೆಗಳಿದ್ದರೆ ನಾಲ್ಕು ವೋಟು. ಹಾಗಾಗಿ ಅದನ್ನು ಆಫ್ ಇಟ್ಟು ಚೀಟಿ ಪದ್ಧತಿಗೆ ಹೋಗುವುದೇ ವಾಸಿ.

64 ಚೀಟಿಗಳಲ್ಲಿ ಆರು ಅಕ್ಷರದ ಯದ್ವಾತದ್ವಾ ಕೋಡ್ ಮುದ್ರಿಸಿ. ಸೊನ್ನೆ ಮತ್ತು ಓ, ಒಂದು ಮತ್ತು ಐ, ಇವನ್ನು ಬಿಡಿ, ಇಲ್ಲವಾದರೆ ಹಿರಿಯರು ತಪ್ಪಾಗಿ ಒತ್ತಿ ವೋಟು ವ್ಯರ್ಥವಾಗುತ್ತದೆ. ಎಲ್ಲವನ್ನೂ ಒಂದೇ ಥರ ಮಡಚಿ ಚೀಲಕ್ಕೆ ಹಾಕಿ. ಸೆಕ್ಯುರಿಟಿ ಕೋಣೆಯ ಹತ್ತಿರ ಒಂದು ಸಂಜೆ ಇಬ್ಬರು ಕೂರಲಿ. ಮನೆಗೊಬ್ಬರು ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಿ, ಕೈ ಹಾಕಿ ಒಂದು ಚೀಟಿ ತೆಗೆಯಲಿ. ಯಾವ ಮನೆ ಚೀಟಿ ಪಡೆದಿದೆ ಎಂಬುದು ರಿಜಿಸ್ಟರಿಗೆ ಗೊತ್ತು. ಯಾವ ಚೀಟಿ ಎಂಬುದು ಯಾರಿಗೂ ಗೊತ್ತಿಲ್ಲ. ಫಾರ್ಮಿನ ಮೊದಲ ಪ್ರಶ್ನೆ ಆ ಕೋಡ್. ಪಟ್ಟಿಯಲ್ಲಿಲ್ಲದ ಕೋಡ್ ತಿರಸ್ಕೃತ. ಒಂದೇ ಕೋಡ್ ಎರಡು ಸಲ ಬಂದರೆ ಕೊನೆಯದು ಮಾತ್ರ ಎಣಿಕೆಗೆ. ಈ ನಿಯಮವನ್ನು ಚೀಟಿಯ ಮೇಲೇ ಮುದ್ರಿಸಿ. ಉಳಿದ ಚೀಟಿಗಳನ್ನು ಅಲ್ಲೇ ಎಲ್ಲರೆದುರು ಹರಿದು ಹಾಕಿ, ಇಲ್ಲವಾದರೆ ಅವೇ ಕಳ್ಳವೋಟಾಗುತ್ತವೆ. ಊರಲ್ಲಿಲ್ಲದ ಓನರ್ ಪರವಾಗಿ ಅವರು ಸೂಚಿಸಿದ ನೆಂಟರೋ ಪಕ್ಕದ ಮನೆಯವರೋ ತೆಗೆಯಬಹುದು, ಸಮಿತಿಯವರು ಮಾತ್ರ ಬೇಡ. ಸ್ಮಾರ್ಟ್‌ಫೋನ್ ಬಳಸದವರಿಗೆ ಅದೇ ಪ್ರಶ್ನೆಗಳ ಕಾಗದ ಮತ್ತು ಬೀಗ ಹಾಕಿದ ಡಬ್ಬಿ.

ಒಂದು ಸೋರಿಕೆ ಬಹಳ ಜನರಿಗೆ ಹೊಳೆಯುವುದಿಲ್ಲ. ಗೂಗಲ್ ಫಾರ್ಮ್ ಪ್ರತಿ ಉತ್ತರದ ಪಕ್ಕ ದಿನ, ಗಂಟೆ, ನಿಮಿಷ, ಸೆಕೆಂಡ್ ದಾಖಲಿಸುತ್ತದೆ. ರಾತ್ರಿ 8:14ಕ್ಕೆ ಯಾರೋ ಗುಂಪಿನಲ್ಲಿ "ನಮ್ಮದು ಆಯ್ತು ಸರ್" ಎಂದು ಹಾಕುತ್ತಾರೆ. ಶೀಟಿನಲ್ಲಿ 8:13ಕ್ಕೆ ಒಂದೇ ಒಂದು ಉತ್ತರ ಇದೆ. ಅವರ ಗುಟ್ಟು ಅಲ್ಲಿಗೆ ರಟ್ಟು. "ವೋಟು ಹಾಕಿದ್ದನ್ನು ಗುಂಪಿನಲ್ಲಿ ಹೇಳಬೇಡಿ" ಎಂದು ಮೊದಲೇ ತಿಳಿಸಿ. ಶೀಟ್ ನೋಡುವ ಅಧಿಕಾರ ಸಮಿತಿಯ ಹೊರಗಿನ ಇಬ್ಬರಿಗೆ ಮಾತ್ರ ಇರಲಿ, ಅವಧಿ ಮುಗಿಯುವವರೆಗೆ ಅವರೂ ತೆರೆಯದಿರಲಿ.

ಹಂತ 4: ಗುಂಪು ಚಿಕ್ಕದಾದಷ್ಟೂ ಗುಟ್ಟು ತೆಳ್ಳಗೆ

ನಮ್ಮ ಚುನಾವಣೆಗಳಲ್ಲೇ ಇದರ ಪಾಠವಿದೆ. ಮತ ರಹಸ್ಯ, ಆದರೆ ಇವಿಎಂ ಎಣಿಕೆ ಬೂತ್‌ವಾರು ಹೊರಬರುತ್ತದೆ. ಯಾವ ಬೀದಿ ಯಾರಿಗೆ ಹಾಕಿತು ಎಂದು ಪಕ್ಷದವರು ಲೆಕ್ಕ ಹಾಕುತ್ತಾರೆ. ಹಲವು ಬೂತ್‌ಗಳ ಮತ ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗ ಪ್ರಸ್ತಾಪಿಸಿದ್ದು, ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿದ್ದು ಈ ಕಾರಣಕ್ಕೇ. ನೂರಾರು ಮತದಾರರಿರುವ ಬೂತಿನ ಪಾಡೇ ಹೀಗಿರುವಾಗ 64 ಮನೆಯ ಗುಂಪಿನಲ್ಲಿ ಬ್ಲಾಕ್, ಮಹಡಿ, ಬೆಡ್‌ರೂಮ್ ಸಂಖ್ಯೆ ಕೇಳಿದರೆ ಏನುಳಿಯಿತು? ಆರು ಜನರ ಆಫೀಸ್ ತಂಡಕ್ಕೆ "ಹೆಸರಿಲ್ಲದ ಸರ್ವೆ" ಕಳಿಸಿ ಅನುಭವ ಎಷ್ಟು ವರ್ಷ ಎಂದು ಕೇಳುವ ಎಚ್‌ಆರ್ ವಿಭಾಗಗಳೂ ಇವೆ.

ಉತ್ತರಿಸಿದವರು ಹತ್ತಕ್ಕಿಂತ ಕಡಿಮೆಯಿದ್ದರೆ ಆಯ್ಕೆವಾರು ಎಣಿಕೆ ಪ್ರಕಟಿಸದೆ, ಗೆದ್ದ ಆಯ್ಕೆಯನ್ನು ಮಾತ್ರ ಹೇಳಿ. ಎಲ್ಲರೂ ಒಂದೇ ಕಡೆ ಹಾಕಿದರೆ ಗುಟ್ಟು ತಾನಾಗಿ ಒಡೆಯುತ್ತದೆ, ಅದಕ್ಕೆ ಮದ್ದಿಲ್ಲ. ಬರವಣಿಗೆಯೂ ಗುರುತು ಕೊಡುತ್ತದೆ: ಒಬ್ಬರದು ಪ್ರತಿ ವಾಕ್ಯಕ್ಕೆ ಮೂರು ಆಶ್ಚರ್ಯಸೂಚಕ, ಇನ್ನೊಬ್ಬರದು ಧಾರವಾಡದ ಕನ್ನಡ, ಮತ್ತೊಬ್ಬರು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವವರು. ಕಾಮೆಂಟುಗಳನ್ನು ಇದ್ದ ಹಾಗೆ ಹಂಚಬೇಡಿ, ಶೀಟ್ ನೋಡುವ ಆ ಇಬ್ಬರು ಸಾರ ಕೆಡದಂತೆ ಮರುಬರೆಯಲಿ.

ಹಂತ 5: ಎರಡು ಸುತ್ತು

ಹೆಸರಿಲ್ಲದೆ, ಸುತ್ತು ಸುತ್ತಾಗಿ, ನಡುವೆ ಸಾರಾಂಶ ಹಂಚುತ್ತ ಅಭಿಪ್ರಾಯ ಕೂಡಿಸುವ ಪದ್ಧತಿಗೆ ಡೆಲ್ಫಿ ಎಂದು ಹೆಸರು. ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿ ನಾರ್ಮನ್ ಡಾಲ್ಕಿ, ಓಲಾಫ್ ಹೆಲ್ಮರ್ ಇದನ್ನು 1950ರ ದಶಕದಲ್ಲಿ ರೂಪಿಸಿದರು. ಪರಿಣತರ ಸಭೆಯಲ್ಲಿ ಜೋರು ಬಾಯಿಯವರು ಮಿಕ್ಕವರನ್ನು ಎಳೆದುಕೊಂಡು ಹೋಗುವುದನ್ನು ತಪ್ಪಿಸುವುದು ಅದರ ಉದ್ದೇಶಗಳಲ್ಲೊಂದು. ನಮ್ಮ ಕೆಲಸಕ್ಕೆ ಅದರ ಸರಳ ರೂಪ ಸಾಕು.

ಮೊದಲ ಸುತ್ತು, ಮೂರು ದಿನ. ಹೌದು–ಇಲ್ಲಕ್ಕಿಂತ ಅಂಕಿ ಕೇಳುವುದು ಒಳ್ಳೆಯದು: "ಮೀಟರ್ ಹಾಕಿಸಲು ನಿಮ್ಮ ಮನೆಯಿಂದ ಗರಿಷ್ಠ ಎಷ್ಟು ರೂಪಾಯಿ ಕೊಡಲು ಒಪ್ಪಿಗೆ? ಬೇಡವೆಂದರೆ 0 ಬರೆಯಿರಿ. ಕಾರಣ ಎರಡು ಸಾಲು." 51 ಉತ್ತರ ಬಂದವು ಎನ್ನೋಣ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ 13ನೆಯ, 26ನೆಯ, 39ನೆಯ ಅಂಕಿಗಳನ್ನು ಗುರುತು ಹಾಕಿ. ನಡುವಿನದು ಗುಂಪಿನ ಮಧ್ಯಬಿಂದು. ಉಳಿದೆರಡರ ನಡುವೆ ಅರ್ಧದಷ್ಟು ಮನೆಗಳಿವೆ. ಸರಾಸರಿ ತೆಗೆಯಬೇಡಿ; ಯಾರೋ ಒಬ್ಬರು ಒಂದು ಲಕ್ಷ ಎಂದು ಬರೆದರೆ ಅದು ಇಡೀ ಲೆಕ್ಕವನ್ನು ಎಳೆದುಬಿಡುತ್ತದೆ.

ಒಂದು ದಿನ ಸಾರಾಂಶಕ್ಕೆ. ಇಲ್ಲಿ ಕ್ರಮ ಮುಖ್ಯ: ಮೊದಲು ಕಾರಣಗಳು, ಆಮೇಲೆ ಅಂಕಿಗಳು. ಅಂಕಿ ಮೊದಲು ಕಂಡರೆ ಕಾರಣ ಓದುವವರಿಲ್ಲ. ಕಾರಣಗಳಲ್ಲೂ ಅಂಚಿನಲ್ಲಿದ್ದವರದು ಮೇಲಿರಲಿ: 13ನೆಯದಕ್ಕಿಂತ ಕೆಳಗಿನವರದು, 39ನೆಯದಕ್ಕಿಂತ ಮೇಲಿನವರದು. ಆಶ್ ಪ್ರಯೋಗದಲ್ಲೇ ಇನ್ನೊಂದು ಸಂಗತಿ ಇತ್ತು. ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಒತ್ತಡ ಬಹುಪಾಲು ಇಳಿಯುತ್ತಿತ್ತು. ಭಿನ್ನ ದನಿ ಒಂದಾದರೂ ಕಣ್ಣಿಗೆ ಬೀಳಬೇಕು.

ಎರಡನೆಯ ಸುತ್ತು, ಮತ್ತೆ ಮೂರು ದಿನ, ಅದೇ ಪ್ರಶ್ನೆ, ಅದೇ ಕೋಡ್. ಅಂಕಿಗಳು ಹತ್ತಿರ ಬರುತ್ತವೆ. ಬಂದದ್ದಕ್ಕೆ ಹಿಗ್ಗಬೇಡಿ. 2011ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲಿ, ಇತರರ ಅಂದಾಜು ನೋಡಿದವರ ಉತ್ತರಗಳು ಪರಸ್ಪರ ಹತ್ತಿರವಾದವು, ಆದರೆ ಗುಂಪಿನ ಉತ್ತರ ನಿಜಕ್ಕೆ ಹತ್ತಿರವಾಗಲಿಲ್ಲ. ಹಾಗಾಗಿ ಯಾರು ಅಂಕಿ ಬದಲಿಸಿದರೋ ಅವರು ಯಾವ ಕಾರಣ ಓದಿ ಬದಲಿಸಿದರೆಂದು ಒಂದು ಸಾಲು ಕೇಳಿ. "ಲೈನ್‌ಗಳ ಲೆಕ್ಕ ನೋಡಿ" ಎಂದರೆ ಅದು ಮನವೊಲಿಕೆ. "ಎಲ್ಲರೂ ಅಷ್ಟೇ ಹೇಳಿದ್ದಾರೆ" ಎಂದರೆ ಗಾಳಿ ಬಂದ ಕಡೆ ತೂರಿಕೊಂಡದ್ದು. ಎರಡನೆಯ ಬಗೆಯೇ ಹೆಚ್ಚಿದ್ದರೆ ಮೊದಲ ಸುತ್ತಿನ ಅಂಕಿಯನ್ನೇ ನಂಬಿ. ಮೂರನೆಯ ಸುತ್ತು ಬೇಡ, ಅಷ್ಟರಲ್ಲಿ ಜನ ಬೇಸತ್ತಿರುತ್ತಾರೆ.

ಹಂತ 6: ಹೆಸರಿಲ್ಲದ ಮಾತಿಗೆ ಕಟ್ಟುಪಾಡು

ಹೆಸರಿಲ್ಲದಾಗ ಟೀಕೆ ಹೆಚ್ಚುತ್ತದೆ, ಬೇಕಾದದ್ದೂ ಅದೇ. 1990ರಲ್ಲಿ ಕಾನಲಿ, ಜೆಸಪ್, ವಲಾಸಿಚ್ ಮಾಡಿದ ಪ್ರಯೋಗದಲ್ಲಿ, ಗುರುತಿಲ್ಲದೆ ಟೀಕೆಯ ವಾತಾವರಣದಲ್ಲಿ ಕೆಲಸ ಮಾಡಿದ ಗುಂಪುಗಳು ಹೆಚ್ಚು ಹೊಸ ಪರಿಹಾರ ಕೊಟ್ಟವು. ಆದರೆ ಹೆಚ್ಚು ತೃಪ್ತಿ ಪಟ್ಟವರು ಹೆಸರು ಹೇಳಿಕೊಂಡು, ಪರಸ್ಪರ ಬೆನ್ನು ತಟ್ಟುತ್ತ ಕೆಲಸ ಮಾಡಿದವರು. "ಈ ಸಲ ಚರ್ಚೆ ಹಿತವಾಗಿರಲಿಲ್ಲ" ಎಂಬ ದೂರು ಬಂದರೆ ಪದ್ಧತಿ ಸೋತಿತೆಂದು ತಿಳಿಯಬೇಕಿಲ್ಲ.

ಅಪಾಯ ಇರುವುದು ಆರೋಪದಲ್ಲಿ. "ಎರಡನೇ ಕೊಟೇಷನ್‌ನಲ್ಲಿ ಸಮಿತಿಗೆ ಕಮಿಷನ್ ಇದೆ" ಎಂಬ ಸಾಲಿಗೆ ಹೆಸರಿಲ್ಲ, ಆದ್ದರಿಂದ ಪಾಟೀಸವಾಲಿಲ್ಲ. ಮೂಲ ಗೊತ್ತಿಲ್ಲವೆಂದು ಜನ ಮೊದಲು ತಳ್ಳಿಹಾಕುತ್ತಾರೆ. ಕೆಲವು ವಾರ ಕಳೆದ ಮೇಲೆ ಮೂಲ ಮರೆತು ಮಾತು ಮಾತ್ರ ನೆನಪಿನಲ್ಲಿ ಉಳಿಯಬಹುದು. ಕಾರ್ಲ್ ಹಾವ್‌ಲ್ಯಾಂಡ್ ಮತ್ತು ವಾಲ್ಟರ್ ವೈಸ್ 1951ರಷ್ಟು ಹಿಂದೆಯೇ ಇಂಥದ್ದನ್ನು ಗಮನಿಸಿದ್ದರು. ಆದ್ದರಿಂದ ವ್ಯಕ್ತಿಯ ಮೇಲಿನ ಆರೋಪ ಸಾರಾಂಶದಲ್ಲಿ ಬರಲೇಬಾರದು. ಅದನ್ನು ಆ ಇಬ್ಬರು ಸಮಿತಿಯ ಹೊರಗಿನ ಹಿರಿಯರೊಬ್ಬರಿಗೆ ಕೊಟ್ಟು, ಬಿಲ್ಲು–ಕೊಟೇಷನ್ ಪರಿಶೀಲನೆ ನಡೆಸಲಿ. ಪುರಾವೆಯಿಲ್ಲದ ವಾಸ್ತವದ ಹೇಳಿಕೆಗಳಿಗೆ, ಉದಾಹರಣೆಗೆ "ಗಡಸು ನೀರಿಗೆ ಮೀಟರ್ ವರ್ಷದಲ್ಲಿ ಜಾಮ್ ಆಗುತ್ತೆ" ಎಂಬುದಕ್ಕೆ, ಪ್ರತಿ ಸಲವೂ ಪಕ್ಕದಲ್ಲೇ "ಪರಿಶೀಲಿಸಿಲ್ಲ" ಎಂದು ಬರೆಯಿರಿ. ಒಂದು ಕೋಡಿಗೆ ಮೂರು ಕಾಮೆಂಟ್ ಮಿತಿ. ಇದಿಲ್ಲದಿದ್ದರೆ ಒಬ್ಬರೇ ಎಂಟು ಸಲ ಬರೆದು ಎಂಟು ಜನರಂತೆ ಕಾಣುತ್ತಾರೆ.

ಹಂತ 7: ಹೆಸರು ಮರಳುವ ಸಭೆ

ಆನ್‌ಲೈನ್ ಸುತ್ತುಗಳ ಫಲ ಸಲಹೆ ಮಾತ್ರ. ತೀರ್ಮಾನ ಆಗಬೇಕಾದದ್ದು ಸಂಘದ ಬೈಲಾ ಹೇಳುವ ರೀತಿ: ನೋಟಿಸ್ ಅವಧಿ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ), ಬೇಕಾದ ಬಹುಮತ. ಸಭೆಯ ಶುರುವಿನಲ್ಲಿ ಮೀಟರ್ ಮಾರುವವರ ಜೊತೆ ನಂಟು, ವ್ಯವಹಾರ ಇರುವವರು ಎದ್ದು ಹೇಳಲಿ. ನಿರ್ಣಯಕ್ಕೆ ಸೂಚಕರು, ಅನುಮೋದಕರ ಹೆಸರು ಮಿನಿಟ್ಸ್‌ನಲ್ಲಿ ಬರಲಿ. ಸದಸ್ಯರ ಮತ ಗುಪ್ತವಾಗಿರಬಹುದು, ಬೈಲಾ ಒಪ್ಪಿದರೆ. ಸಮಿತಿಯ ಮತ ಹಾಗಲ್ಲ: ಜನ ಆರಿಸಿ ಕೂರಿಸಿದವರು ಯಾವ ಕಡೆ ಕೈ ಎತ್ತಿದರೆಂದು ತಿಳಿಯುವ ಹಕ್ಕು ಆರಿಸಿದವರಿಗಿದೆ. ಇದನ್ನು ಮರೆಸಲು ಹೊರಡುವ ಸಮಿತಿಯನ್ನು ಸಂಶಯದಿಂದಲೇ ನೋಡಬೇಕು.

ಸಾಮಾನ್ಯವಾಗಿ ಕೆಡುವುದೆಲ್ಲಿ

ಅಡ್ಮಿನ್ ಉತ್ಸಾಹದಲ್ಲಿ "ಇಲ್ಲಿಯವರೆಗೆ 40 ಬಂದಿದೆ, ಬಹುತೇಕ ಹೌದು" ಎಂದು ಹಾಕುತ್ತಾರೆ. ಆ ಸುತ್ತು ಅಲ್ಲಿಗೆ ಕೆಟ್ಟಂತೆ. "40 ಬಂದಿದೆ" ಎನ್ನುವುದಕ್ಕೆ ಅಡ್ಡಿಯಿಲ್ಲ, ಯಾವ ಕಡೆ ಎನ್ನಬಾರದು.

ಉತ್ತರಗಳು ಅರ್ಧಕ್ಕಿಂತ ಕಡಿಮೆ ಬಂದರೆ ಫಲಿತಾಂಶ ಹೇಳದೆ ಎರಡು ದಿನ ವಿಸ್ತರಿಸಿ. ಜ್ಞಾಪನೆ ಇಡೀ ಗುಂಪಿಗೇ ಹೋಗಲಿ, ಒಬ್ಬೊಬ್ಬರಿಗೆ ಪ್ರತ್ಯೇಕ ಸಂದೇಶ ಕಳಿಸಿದರೆ "ನಾನು ಹಾಕಿಲ್ಲವೆಂದು ಇವರಿಗೆ ಹೇಗೆ ಗೊತ್ತು?" ಎಂಬ ಪ್ರಶ್ನೆ ಏಳುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ.

"ಇದು ಪೂರ್ತಿ ಗುಪ್ತ" ಎಂದು ಮಾತು ಕೊಡಬೇಡಿ. ಯಾರಿಗೆ ಏನು ಕಾಣುತ್ತದೆಂದು ಇದ್ದದ್ದನ್ನು ಇದ್ದ ಹಾಗೆ ಫಾರ್ಮಿನ ತಲೆಯಲ್ಲಿ ಬರೆಯಿರಿ: "ಕೋಡ್, ಸಮಯ, ಉತ್ತರ ಇಬ್ಬರಿಗೆ ಕಾಣುತ್ತದೆ. ಯಾವ ಕೋಡ್ ಯಾರದೆಂದು ದಾಖಲೆ ಇಲ್ಲ." ಫಲಿತಾಂಶ ಇಷ್ಟವಾಗದ ಯಾರಾದರೂ ಆಮೇಲೆ ಶೀಟ್ ಕೇಳಿಯೇ ಕೇಳುತ್ತಾರೆ. ಅವರಿಗೆ ಕೋಡ್ ಮತ್ತು ಸಮಯದ ಕಾಲಂ ಅಳಿಸಿದ, ಸಾಲುಗಳನ್ನು ಕಲಸಿದ ಪ್ರತಿ ಕೊಡಬಹುದು. ಸಭೆಯ ಮಿನಿಟ್ಸ್ ಅಂಗೀಕಾರವಾದ ಮೇಲೆ ಮೂಲ ಶೀಟನ್ನೂ, ಫಾರ್ಮಿನೊಳಗೆ ಉಳಿದ ಉತ್ತರಗಳನ್ನೂ ಅಳಿಸಿ. ಶೀಟ್ ಅಳಿಸಿದರೂ ಫಾರ್ಮಿನಲ್ಲಿ ಇನ್ನೊಂದು ಪ್ರತಿ ಇರುತ್ತದೆ. ಎಣಿಕೆಯ ಒಂದು ಹಾಳೆ, ಚೀಟಿ ಪಡೆದವರ ಸಹಿಯ ರಿಜಿಸ್ಟರ್, ಇವೆರಡನ್ನು ಮಾತ್ರ ಸಂಘದ ಕಡತಕ್ಕೆ ಸೇರಿಸಿ.